ತೂಕದ ಸೂಜಿ ಮತ್ತು ಬೆನ್ನು ಬಿಡದ ನರ್ಸಮ್ಮ

ನನ್ನ ತಂಗಿ ತೀರಿಕೊಂಡ ಸುದ್ದಿ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಅವಳ ಫ್ರಿಜ್ಜಿನಲ್ಲಿ, ಬೆಣ್ಣೆ ಡಬ್ಬಿಯ ಹಿಂದೆ, ತೂಕ ಇಳಿಸುವ ಇಂಜೆಕ್ಷನ್ ಪೆನ್ನು ಸಿಕ್ಕಿತು. ವೈದ್ಯರ ಚೀಟಿ ಇರಲಿಲ್ಲ. ಅವಳ ಫೋನಿನಲ್ಲಿ ಒಂದೇ ನಂಬರಿನಿಂದ ಹದಿನಾಲ್ಕು ಮಿಸ್ಡ್ ಕಾಲ್ ಇದ್ದವು.

ಆ ನಂಬರು ಅವಳು ತೂಕ ಇಳಿಸಲು ಹೋಗುತ್ತಿದ್ದ ಕ್ಲಿನಿಕ್ಕಿನ ನರ್ಸಮ್ಮನದು; ಅವರ ಎದುರು ಈಗ ಕೂತಿದ್ದೇನೆ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಅವರು ಔಷಧದ ಫ್ರಿಜ್ಜಿನ ತಂಪು ನೋಡಿ ಬರೆದುಕೊಂಡು, ತೂಕದ ಯಂತ್ರ ಒರೆಸುತ್ತಾರೆ. ಈ ಕ್ಲಿನಿಕ್ಕಿನಲ್ಲಿ ಇಪ್ಪತ್ತೆರಡು ವರ್ಷ. ವಾರಕ್ಕೆ ಅರವತ್ತು ಜನ. ಪ್ರತಿಯೊಬ್ಬರೂ ಹಳೆಯ ಪೆನ್ನು ತಂದು ತೋರಿಸಬೇಕು, ಬಾರದವರಿಗೆ ಫೋನು.

ಮೊದಲು ಬಂದವನು ಬಸ್ ಡ್ರೈವರ್.

"ನರ್ಸಮ್ಮಾ, ಮೂರು ವಾರದಿಂದ ಚುಚ್ಚಿಕೊಂಡಿಲ್ಲ. ಹಳೇ ಡೋಸೇ ಹಾಕಿಬಿಡಿ."

"ಹಾಕ್ತೀನಿ, ದಾರಿಯುದ್ದಕ್ಕೂ ಕಿಟಕಿಯಿಂದ ವಾಂತಿ ಮಾಡ್ಕೊಂಡು ಹೋಗು! ಇಷ್ಟು ದಿನ ಬಿಟ್ಟ ಮೇಲೆ ಡಾಕ್ಟರ್ ಹೇಳದೆ ಒಂದು ಹನಿಯೂ ಇಲ್ಲ."

"ನಿಮಗಿಂತ ನಮ್ಮತ್ತೆ ವಾಸಿ."

"ಅವರನ್ನೂ ಕರ್ಕೊಂಡು ಬಾ, ತೂಗ್ತೀನಿ."

ಗೊಣಗುತ್ತಲೇ ಅವನು ಡಾಕ್ಟರ ಬಾಗಿಲ ಬಳಿ ಕೂರುತ್ತಾನೆ.

ನನ್ನ ತಂಗಿಯೂ ಇದೇ ಬೆಂಚಿನ ಮೇಲೆ ಗೊಣಗಿದವಳು. ಡಾಕ್ಟರು ಚಿಕ್ಕ ಡೋಸಿನಿಂದ ಶುರು ಮಾಡಿ, ನೋಡಿಕೊಂಡು ಏರಿಸೋಣ ಎಂದಿದ್ದರು. ಎರಡು ತಿಂಗಳಲ್ಲಿ ನಾಲ್ಕು ಕಿಲೋ ಇಳಿದಿತ್ತು. ಅವಳಿಗೆ ಅದು ಸಾಲಲಿಲ್ಲ. "ಇರುವೆ ನಡಿಗೆ ಅಕ್ಕಾ ಇದು. ಆ ನರ್ಸಮ್ಮ ಪೊಲೀಸಿನವಳಿಗಿಂತ ಕಡೆ," ಅಂದಳು. ನಾನೂ ನಕ್ಕೆ. ಆ ನಗು ನೆನೆದರೆ ನನ್ನ ಮೇಲೆ ನನಗೇ ರೇಗುತ್ತದೆ. ಇಲ್ಲಿಗೆ ಬರುವುದು ಬಿಟ್ಟು, ಬ್ಯೂಟಿ ಪಾರ್ಲರಿನವಳ ಹತ್ತಿರ ದೊಡ್ಡ ಡೋಸಿನ ಪೆನ್ನು ಕೊಂಡು ತಾನೇ ಚುಚ್ಚಿಕೊಂಡಳು. ನಾಲ್ಕು ದಿನ ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮನೆಯವರಿಗೆ ಹೇಳಿದ್ದು, ಅಜೀರ್ಣ ಎಂದು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮೈಯ ನೀರು ಬತ್ತಿ ಮೂತ್ರಪಿಂಡ ಕೈಕೊಟ್ಟಿತ್ತು.

"ವಾಂತಿ ನಿಲ್ಲದಿದ್ರೆ ತಕ್ಷಣ ಬನ್ನಿ ಅಂತ ಎಷ್ಟು ಬಡ್ಕೊಳ್ಳೋದಮ್ಮಾ?" ನರ್ಸಮ್ಮ ಪೆನ್ನುಗಳ ಡಬ್ಬಿಯನ್ನು ಟಪ್ಪೆಂದು ಮುಚ್ಚುತ್ತಾರೆ. "ಹದಿನಾಲ್ಕು ಸಲ ಮಾಡಿದೆ. ಹದಿನೈದನೇ ಸಲ ಮನೆಗೇ ಹೋಗಬೇಕಿತ್ತು."

ಇಲ್ಲಿಗೆ ಬರುವವರಿಂದ ಅವರಿಗೆ ಬೇಕಾದ್ದೇನೆಂದು ಕೇಳುತ್ತೇನೆ.

"ಬೇಕಾದ್ರೆ ಬೈಯಲಿ, ಫೋನ್ ಎತ್ತಲಿ. ಅಷ್ಟೇ."

ಹೋದ ವಾರ ಬಾರದವರ ಪಟ್ಟಿ ತೆಗೆದು ನಂಬರು ಒತ್ತುತ್ತಾರೆ. ಆಚೆಯಿಂದ ಯಾರೋ ಬೆಳ್ಳಂಬೆಳಿಗ್ಗೆ ಕಾಟವೆಂದು ರೇಗುವುದು ನನಗೂ ಕೇಳಿಸುತ್ತದೆ. ನರ್ಸಮ್ಮನ ಮುಖ ಅರಳುತ್ತದೆ.

ಭಗವಂತಾ, ಅವಸರದಲ್ಲಿ ಹೊರಟುಬಂದ ನನ್ನ ತಂಗಿಯನ್ನು ನಿನ್ನ ಬಳಿ ಕೂರಿಸಿಕೋ. ಅವಳ ಬಾಯಾರಿಕೆ ತಣಿಸಿ, ಆ ಜೀವಕ್ಕೆ ಶಾಂತಿ ಕೊಡು.