ಸತುವಿನ ಮುಳ್ಳು

ನಮ್ಮಣ್ಣನಿಗೆ ಹಾಲು ಕೊಟ್ಟರೆ ಮೊದಲು ಲೋಟವನ್ನು ಮೂಸಿ ನೋಡುತ್ತಾನೆ, ಆಮೇಲೆ ಕೊಟ್ಟವರ ಮುಖ ನೋಡುತ್ತಾನೆ. ಬೀಗ ಹಾಕಿ ಜಗ್ಗುತ್ತಾನೆ. ಬೀದಿಯ ತಿರುವಿನವರೆಗೆ ಹೋಗಿ ವಾಪಸು ಬಂದು ಮತ್ತೊಮ್ಮೆ ಜಗ್ಗುತ್ತಾನೆ. ಕಾರ್ಖಾನೆಯಲ್ಲಿ ತನಗೆ ‘ಪತ್ತೇದಾರ’ ಎಂದು ಹೆಸರಿಟ್ಟವರು ಯಾರೆಂದು ಇವತ್ತಿಗೂ ಹುಡುಕುತ್ತಿದ್ದಾನೆ. ಇಟ್ಟವಳು ನಾನೇ. ಒಡಹುಟ್ಟಿದ ತಂಗಿಯನ್ನು ಇನ್ನೂ ಹಿಡಿಯಲಾಗಿಲ್ಲವೆಂದರೆ ಅವನ ಪತ್ತೇದಾರಿಕೆ ಎಂಥದ್ದೆಂದು ನೀವೇ ಲೆಕ್ಕ ಹಾಕಿಕೊಳ್ಳಿ.

ಅವನ ಕಸುಬು ಕಬ್ಬಿಣಕ್ಕೆ ಸತು ಹಿಡಿಸುವುದು. ಮೀಸೆ ಮೂಡುವ ಮೊದಲೇ ಆ ಕೆಲಸಕ್ಕೆ ಸೇರಿದವನು. ಬೋಲ್ಟು, ಚಿಲಕ, ಸರಪಳಿಗಳನ್ನು ತೊಟ್ಟಿಯ ದ್ರಾವಣದಲ್ಲಿ ಇಳಿಬಿಟ್ಟು ಕರೆಂಟು ಹರಿಸಿದರೆ ಸತು ಬಂದು ಮೈಗೆಲ್ಲ ಅಂಟಿಕೊಳ್ಳುತ್ತದೆ. ತೊಳೆದು ಒಣಗಿಸಿದ ಮೇಲೆ ಅಣ್ಣ ಒಂದೊಂದರ ಅಂಚನ್ನೂ ಹೆಬ್ಬೆರಳಿನಿಂದ ಒತ್ತಿ ತಿಕ್ಕುತ್ತಿದ್ದ. ಲೇಪ ಏಳುವುದಿದ್ದರೆ ಅಂಚಿನಿಂದಲೇ ಏಳುತ್ತದೆಯಂತೆ. ಆ ಹೆಬ್ಬೆರಳಿಗೆ ಅಡ್ಡಲಾಗಿ ಒಂದು ಆಳವಾದ ಗೀರಿದೆ, ಹಿಂದೆಂದೋ ಕೊಕ್ಕೆ ತಗುಲಿ ಸೀಳಿದ್ದು. ‘ಕಣ್ಣು ಮೋಸ ಹೋಗುತ್ತೆ, ಈ ಬೆರಳು ಹೋಗಲ್ಲ’ ಎಂದು ಕೊಚ್ಚಿಕೊಳ್ಳುತ್ತಿದ್ದ. ಅದು ಸುಳ್ಳೂ ಅಲ್ಲ. ಅವನ ಕೈ ದಾಟಿ ಹೋದ ಚಿಲಕ ತುಕ್ಕು ಹಿಡಿದದ್ದನ್ನು ನಾನು ಕಂಡಿಲ್ಲ.

ಚಿಲಕದ ವ್ಯಾಪಾರ ಬಿದ್ದುಹೋದಾಗ ನಮ್ಮ ಮಾಲೀಕರಮ್ಮ ಬ್ಯಾಟರಿಗೆ ಕೈಹಾಕಿದರು. ಚಾವಣಿಯ ಮೇಲಿನ ಬಿಸಿಲ ಕರೆಂಟನ್ನು ಸಂಜೆಗೆ ಕೂಡಿಡುವ ಬ್ಯಾಟರಿ. ಒಳಗಿರುವುದು ಅದೇ ಸತು. ತೆಳು ತಗಡಿಗೆ ಒಂದು ಸುತ್ತು ಸತು ಹಿಡಿಸಿ ಪೆಟ್ಟಿಗೆಯೊಳಗೆ ಕೂರಿಸುತ್ತೇವೆ. ಕರೆಂಟು ತುಂಬಿಸುವಾಗ ದ್ರಾವಣದಲ್ಲಿರುವ ಸತು ಬಂದು ತಗಡಿನ ಮೇಲೆ ಕೂರುತ್ತದೆ, ಬಳಸುವಾಗ ಕರಗಿ ಹೋಗುತ್ತದೆ. ಸಮನಾಗಿ ಕೂತರೆ ಸರಿ. ಎಲ್ಲೋ ಒಂದು ಕಡೆ ಚೂರು ಎತ್ತರವಾಯಿತೆನ್ನಿ, ಕರೆಂಟೆಲ್ಲ ಅಲ್ಲಿಗೇ ನುಗ್ಗುತ್ತದೆ, ಸತುವೂ ಅಲ್ಲಿಗೇ ಓಡುತ್ತದೆ, ಮುಳ್ಳಾಗಿ ಬೆಳೆಯುತ್ತದೆ. ಬೆಳೆದು ಬೆಳೆದು ಎರಡು ತಗಡುಗಳ ನಡುವಿನ ಪರದೆಯನ್ನು ತೂತು ಮಾಡಿ ಎದುರಿನ ತಗಡನ್ನು ಮುಟ್ಟಿದರೆ ಬ್ಯಾಟರಿಯ ಕಥೆ ಮುಗಿಯಿತು. ಆ ಪರದೆಗಳನ್ನು ಕತ್ತರಿಸುವವಳು ನಾನು.

ತಗಡು ತೊಳೆಯುವವನು ಅಣ್ಣನ ಅಳಿಯ. ಮಗಳು ತಾನೇ ಮೆಚ್ಚಿ ಕಟ್ಟಿಕೊಂಡ ಹುಡುಗ, ಅದೇ ಅವನ ಮೊದಲ ಅಪರಾಧ. ತಾಯಿಯಿಲ್ಲದ ಮಗಳನ್ನು ಅಂಗೈಯಲ್ಲಿಟ್ಟು ಸಾಕಿದವನು ಅಣ್ಣ. ಮದುವೆಯಾದ ಮೇಲೂ ಇಬ್ಬರನ್ನೂ ಮನೆಯಲ್ಲೇ ಇಟ್ಟುಕೊಂಡ, ಪ್ರೀತಿಗೆ ಅರ್ಧ, ಕಾವಲಿಗೆ ಅರ್ಧ.

“ಬಾಯಿ ಬಿಡದೆ ಇರೋನನ್ನ ನಂಬಬಾರದು,” ಎಂದ ಒಂದು ದಿನ.

“ಅವನು ವಟವಟ ಅಂತ ಮಾತಾಡಿದ್ರೆ ನಂಬ್ತಿದ್ಯಾ?” ಎಂದೆ.

“ಅಷ್ಟು ಮಾತಾಡೋನನ್ನ ಯಾರಾದ್ರೂ ನಂಬ್ತಾರೇನೇ?”

ಇಂಥವನ ಹತ್ತಿರ ಏನು ವಾದ ಮಾಡುತ್ತೀರಿ?

ಆಗೊಂದು ಈಗೊಂದು ಬ್ಯಾಟರಿ ಸಾಯತೊಡಗಿದಾಗ ಅಣ್ಣನ ಮೂಗು ಚುರುಕಾಯಿತು. ನನ್ನನ್ನೂ ಬಿಡಲಿಲ್ಲ, ನನ್ನ ಪರದೆಗಳನ್ನು ಬೆಳಕಿಗೆ ಹಿಡಿದು ತೂತು ಹುಡುಕಿದ. ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಅವನು ಕಂಬದ ಮರೆಗೆ ನನ್ನನ್ನೂ ಎಳೆದುಕೊಂಡು ನಿಂತ. ಅಳಿಯ ಅತ್ತಿತ್ತ ನೋಡಿ, ಸಿದ್ಧವಾದ ತಗಡುಗಳ ಕಪಾಟು ತೆರೆದ. ಜೇಬಿನಿಂದ ಒಂದು ಬಟ್ಟೆ, ಒಂದು ಪುಟ್ಟ ಸೀಸೆ ತೆಗೆದು, ತಗಡುಗಳ ಮೂಲೆಗೆ ಏನನ್ನೋ ಸವರತೊಡಗಿದ. ಕೈಯಲ್ಲಿ ಗವಸು ಬೇರೆ, ಕಳ್ಳರು ಹಾಕಿಕೊಂಡ ಹಾಗೆ.

“ಏನಯ್ಯಾ ಮಾಡ್ತಿದೀಯ?” ಅಣ್ಣ ಮರೆಯಿಂದ ಹೊರಬಿದ್ದ.

ಅಳಿಯ ಬಟ್ಟೆಯನ್ನು ಮುಷ್ಟಿಯೊಳಗೆ ಮುದುರಿದ. “ಧೂಳಿತ್ತು ಮಾವ. ಒರೆಸ್ತಿದ್ದೆ.”

“ನಾನು ನೋಡಿ ಒಳಗಿಟ್ಟಿದ್ದರ ಮೇಲೆ ಧೂಳೇ?”

ಅವನು ತಲೆ ತಗ್ಗಿಸಿದನೇ ಹೊರತು ತುಟಿ ಪಿಟಕ್ಕೆನ್ನಲಿಲ್ಲ. ನಿಜ ಹೇಳುತ್ತೇನೆ, ಆ ಮೌನ ನೋಡಿ ನನಗೂ ಅನುಮಾನ ಗಟ್ಟಿಯಾಯಿತು.

ಅಣ್ಣ ಕಪಾಟಿಗೆ ಬೀಗ ಜಡಿದು ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡ. ಅಳಿಯ ತೊಳೆದುಕೊಟ್ಟ ತಗಡುಗಳನ್ನು ಮೊದಲಿಗಿಂತ ಹೆಚ್ಚು ಜತನದಿಂದ ತಪಾಸಣೆ ಮಾಡಿದ. ಒಂದು ಮೂಲೆ ತಿಕ್ಕಿ ನೋಡುತ್ತಿದ್ದವನು ನಾಲ್ಕೂ ಮೂಲೆ ತಿಕ್ಕಿ ನೋಡಿದ. ಆದರೆ ಬ್ಯಾಟರಿಗಳು ಸಾಯುವುದು ನಿಲ್ಲುವ ಬದಲು ಒಂದರ ಹಿಂದೊಂದು ಸಾಲುಗಟ್ಟಿ ಸಾಯತೊಡಗಿದವು.

“ಇನ್ನೊಂದು ಕೀಲಿ ಮಾಡಿಸ್ಕೊಂಡಿದಾನೆ,” ಎಂದ ಅಣ್ಣ. ಸೀದಾ ಮಾಲೀಕರಮ್ಮನ ಬಳಿ ಹೋಗಿ, “ಅವನಿರಬೇಕು, ಇಲ್ಲ ನಾನಿರಬೇಕು,” ಎಂದುಬಿಟ್ಟ. ಸತ್ತ ಬ್ಯಾಟರಿಗಳನ್ನು ಎಲ್ಲರ ಮುಂದೆ ಬಿಚ್ಚಿ ನೋಡೋಣ, ತಪ್ಪು ಯಾರದೋ ಅವರನ್ನು ಕಳಿಸುತ್ತೇನೆ ಎಂದರು ಆಕೆ.

ಮನೆಯಲ್ಲಿ ಮಗಳು ಒಲೆಯ ಮುಂದಿನಿಂದ ತಿರುಗಿಯೂ ನೋಡದೆ ಹೇಳಿದಳು, “ಅಪ್ಪಾ, ಅವರನ್ನ ಕಳಿಸಿದ್ರೆ ನಾನೂ ಹೋಗ್ತೀನಿ. ಆಮೇಲೆ ಈ ಮನೆ ಮೆಟ್ಟಿಲು ತುಳಿಯಲ್ಲ.” ಅಣ್ಣ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಹಟ ಮಾತ್ರ ಬಿಡಲಿಲ್ಲ. ಆ ಘಳಿಗೆಯಲ್ಲಿ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು ನನಗೆ, ದೊಡ್ಡವನಾಗಿ ಹುಟ್ಟಿ ಬಚಾವಾದ.

ಬೆಳಿಗ್ಗೆ ಕಾರ್ಖಾನೆಯಲ್ಲಿ ನನ್ನ ಮೇಜಿನ ಮೇಲೆಯೇ ಒಂದು ಬ್ಯಾಟರಿ ಬಿಚ್ಚಿದರು. ಪರದೆ ಮೂಲೆಯಲ್ಲಿ ತೂತಾಗಿತ್ತು. ತಗಡಿನ ನಡುಭಾಗವೆಲ್ಲ ನುಣುಪು ಬೂದು, ಮೂಲೆಯಲ್ಲಿ ಮಾತ್ರ ಮುಳ್ಳಿನ ಪೊದೆ. ಮಾಲೀಕರಮ್ಮ ಭೂತಗನ್ನಡಿ ಹಿಡಿದು ಬಗ್ಗಿದರು. ಮೊಟ್ಟೆಯಾಕಾರದ ಒಂದು ಬೋಳು ಜಾಗ, ಅದರ ಸುತ್ತ ಬೇಲಿಯಂತೆ ಮುಳ್ಳು. ಬೋಳಿನ ನಡುವೆ ಅಡ್ಡಲಾಗಿ ಒಂದೇ ಒಂದು ಸಾಲು ಮುಳ್ಳು.

“ಇಲ್ಲಿ ಜಿಡ್ಡು ಕೂತಿದೆ. ಅದರ ಮೇಲೆ ಸತು ಹಿಡಿದಿಲ್ಲ, ಅಂಚಿನಲ್ಲಿ ರಾಶಿ ಬಿದ್ದಿದೆ,” ಎಂದರು. “ಈ ನಡುವಿನ ಗೆರೆ ಏನು ಅಂತ ಗೊತ್ತಾಗ್ತಿಲ್ಲ.”

ಇನ್ನೊಂದು ಬಿಚ್ಚಿದರು, ಅದರಲ್ಲೂ ಅದೇ ಗೆರೆ. ಮತ್ತೊಂದು, ಅದರಲ್ಲಿ ನಾಲ್ಕೂ ಮೂಲೆಗೆ.

ಅಣ್ಣ ತಗಡನ್ನು ಕೈಗೆತ್ತಿಕೊಂಡ. ತಿಕ್ಕಲೆಂದು ಹೆಬ್ಬೆರಳು ತಾನಾಗಿಯೇ ಮೂಲೆಗೆ ಹೋಯಿತು, ಬೋಳು ಜಾಗದ ಮೇಲೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಚರ್ಮ ತಾಗಿದಲ್ಲೆಲ್ಲ ಜಿಡ್ಡು ಬಿಟ್ಟಿದ್ದ ಆ ಬೆರಳು, ಗೀರಿನ ಹಳ್ಳ ತಾಗದ ಕಡೆ ಮಾತ್ರ ಸತುವಿಗೆ ದಾರಿ ಬಿಟ್ಟಿತ್ತು. ಚಿಲಕಕ್ಕಾದರೆ ತಪಾಸಣೆಯ ಹೊತ್ತಿಗೆ ಲೇಪದ ಕೆಲಸ ಮುಗಿದಿರುತ್ತಿತ್ತು, ಯಾರು ಮುಟ್ಟಿದರೂ ಚಿಂತೆಯಿಲ್ಲ. ಬ್ಯಾಟರಿಯೊಳಗೆ ಅದು ಮುಗಿಯುವುದೇ ಇಲ್ಲ. ಕರೆಂಟು ತುಂಬಿಸಿದಾಗಲೆಲ್ಲ ಸತು ಬಂದು ಅವನ ಹೆಬ್ಬೆರಳಿನ ಗುರುತಿನ ಸುತ್ತ ಮತ್ತೆ ಮತ್ತೆ ಬೆಳೆದಿತ್ತು.

ನನಗೆ ಆ ಬಟ್ಟೆ, ಆ ಸೀಸೆ, ಆ ಗವಸು ಒಟ್ಟಿಗೇ ನೆನಪಾದವು. ಅಣ್ಣನಿಗೂ ಆಗಿರಬೇಕು.

“ಸೀಸೆಯಲ್ಲಿ ಏನಿತ್ತು?” ಅಳಿಯನನ್ನು ಕೇಳಿದ.

“ಸ್ಪಿರಿಟ್ಟು ಮಾವ. ಜಿಡ್ಡು ಒರೆಸೋಕೆ. ಸಿಕ್ಕಷ್ಟನ್ನ ಒರೆಸ್ತಿದ್ದೆ.”

“ಮೊದಲೇ ಗೊತ್ತಿತ್ತಾ ನಿನಗೆ?”

“ಗೊತ್ತಿತ್ತು.”

“ಮತ್ತೆ ಯಾಕಯ್ಯಾ ಒಂದು ಮಾತು ಹೇಳಲಿಲ್ಲ?”

ಅಳಿಯ ಮೊದಲ ಸಲ ತಲೆಯೆತ್ತಿ ಅವನನ್ನು ನೇರವಾಗಿ ನೋಡಿದ. ದನಿಯಲ್ಲಿ ಸಿಟ್ಟಿರಲಿಲ್ಲ. “ಹೇಳಿದ್ರೆ ನಂಬ್ತಿದ್ರಾ ಮಾವ?”

ಅಣ್ಣ ತಗಡನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಮಾಲೀಕರಮ್ಮ ಅವನನ್ನು ಕಳಿಸಲಿಲ್ಲ, ಎಲ್ಲರಿಗೂ ಗವಸು ತರಿಸುತ್ತೇನೆ ಎಂದಷ್ಟೇ ಹೇಳಿ ಒಳಗೆ ಹೋದರು. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತೆಂದು ಕಾಣುತ್ತದೆ.

ಅವತ್ತು ಸಂಜೆ ಕೆಲಸ ಬಿಟ್ಟಾಗ ಅಣ್ಣ ಕೊರಳಿನಿಂದ ಕೀಲಿ ತೆಗೆದು ಅಳಿಯನ ಕೈಗಿಟ್ಟ. “ಅಳಿಯಂದ್ರೇ, ನೀವೇ ಬೀಗ ಹಾಕ್ಕೊಂಡು ಬನ್ನಿ. ಅವಳು ಕಾಯ್ತಿರ್ತಾಳೆ,” ಎಂದ. ಬಹುವಚನ ಕೇಳಿ ನಾನು ಹೌಹಾರಿದೆ. ಇಬ್ಬರೂ ಬೀದಿಗೆ ಇಳಿದೆವು. ತಿರುವು ಬಂದಾಗ ಅವನು ಅಭ್ಯಾಸಬಲದಿಂದ ನಿಂತ. ಕೈಯನ್ನು ಜೇಬಿಗೆ ಇಳಿಸಿ ಮುಂದೆ ನಡೆದ.

ನಾನು ಮಾತ್ರ ವಾಪಸು ಹೋಗಿ ಬೀಗ ಜಗ್ಗಿ ನೋಡಿ ಬಂದೆ.