ಮಲ್ಲಿಕಾಂಬಮ್ಮನ ಹೊಸ್ತಿಲು

ಕಡೂರಿನ ಬಡಗಿ ಮೃತ್ಯುಂಜಯ ಹಳೇ ಮನೆ ಕೆಡವುವಲ್ಲಿ ಬಾಗಿಲು, ಕಂಬ, ತೊಲೆ ಕೊಂಡು ಬೆಂಗಳೂರಿಗೆ ಸಾಗಿಸುತ್ತಾನೆ. ಹತ್ತಾರು ಮನೆಗೆ ಹೊಸ್ತಿಲು ಕೂರಿಸಿದವನು. ಪೂಜೆಗೆ ಮುಂಚೆ ಯಾರಾದರೂ ತುಳಿದರೆ ಉಳಿ ಬಿಸಾಕಿ ಬೈಯುವವನು. ಆಮೇಲೆ ಮಾಡಿದ್ದನ್ನು ಗೊತ್ತಿಲ್ಲದೆ ಮಾಡಿದೆ ಎನ್ನುವ ಹಾಗಿಲ್ಲ.

ಪಂಚನಹಳ್ಳಿಯ ಮಲ್ಲಿಕಾಂಬಮ್ಮ ಮನೆ ಕೆಡವಿಸಿದಾಗ ಹೊಸ್ತಿಲು ಹೊಸ ಮನೆಯ ಅಳತೆಗೆ ಬರಲಿಲ್ಲ. ಕೊಡಲು ಮನಸ್ಸೂ ಬರಲಿಲ್ಲ. ಕೊನೆಗೆ ಮೃತ್ಯುಂಜಯನಿಗೇ ಒಪ್ಪಿಸಿದರು.

“ನಲವತ್ತು ವರ್ಷ ಅರಿಶಿನ ಹಚ್ಚಿದೀನಿ ಕಣಪ್ಪ. ಯಾರ್ದಾದ್ರೂ ಮನೆ ಬಾಗ್ಲಿಗೇ ಹಾಕ್ಬೇಕು.”

“ಬಡಗಿಗೆ ಇದನ್ನ ಹೇಳ್ಕೊಡ್ಬೇಕಾ ಅಮ್ಮ?”

ಬರೀ ಹೊಸ್ತಿಲನ್ನು ಕೇಳುವವರು ಸಿಗಲಿಲ್ಲ. ಬೆಂಗಳೂರಿನ ಹೊಸ ಹೋಟೆಲಿಗೆ ಲೋಡು ಕಳಿಸುವಾಗ ಚೀಟಿಯಲ್ಲಿ ‘ಹೊನ್ನೆ ಹಲಗೆ, ಒಂದು’ ಎಂದು ಬರೆದ. ಹೊಸ್ತಿಲು ಅಂತ ಬರೆಯಲು ಪೆನ್ನಿಗೇನು ಬಡಿದಿತ್ತು?

ಹೋಟೆಲು ಶುರುವಾದಾಗ ಅವನಿಗೂ ಒಂದು ದಿನ ತಂಗಲು ಕರೆ ಬಂತು. ಪಬ್ಬುಗಳ ಬೀದಿ; ಸಂಜೆಯಾದರೆ ನೆಲವೇ ಅದುರುವ ಸಂಗೀತ. ರೂಮಿಗೆ ಗಾರೆ ಮಾಡದ ಗೋಡೆ, ಗಾಜಿನ ಬಚ್ಚಲು. ಮಂಚದ ತಲೆದೆಸೆಗೆ ಅವನೇ ಸಖರಾಯಪಟ್ಟಣದಿಂದ ತಂದ ಬಾಗಿಲು! ಎದೆಯುಬ್ಬಿಸಿ ಫೋಟೊ ತೆಗೆದುಕೊಂಡ.

ಒಳಾಂಗಣ ವಿನ್ಯಾಸ ಮಾಡಿದ ಅನುಷಾ ಬಾರ್ ತೋರಿಸಲು ಕರೆದೊಯ್ದಳು. ಎತ್ತರದ ಸ್ಟೂಲುಗಳ ಕೆಳಗೆ, ಕುಡಿಯುವವರು ಕಾಲಿಡಲೆಂದು, ಉದ್ದಕ್ಕೆ ಒಂದು ಮರ. ನಡುವೆ ಕೆತ್ತಿದ ಹೂವು. ಪಾಲಿಶ್ ಹೊಡೆದರೂ ಎಸಳುಗಳ ಸಂದಿಯಲ್ಲಿ ಅರಿಶಿನ ಹಾಗೇ ಇತ್ತು. ಅದರ ಮೇಲೆ ಯಾರದೋ ಬೂಟು.

“ಮೇಡಂ, ಅದು ಹೊಸ್ತಿಲು.”

“ಅಯ್ಯೋ! ಚೀಟೀಲಿ ಹಲಗೆ ಅಂತಿತ್ತಲ್ಲ ಸರ್? ತೆಗೆಸ್ಬೇಕಾದ್ರೆ ಹೇಳಿ, ನಾಳೇನೇ ತೆಗೆಸ್ತೀನಿ.”

ಈ ಹೋಟೆಲಿನವರು ಇನ್ನೊಂದು ಕಟ್ಟಿಸುತ್ತಿದ್ದಾರೆ. ತಕರಾರಿನವನು ಅನ್ನಿಸಿಕೊಂಡರೆ ಮುಂದಿನ ಲೋಡು ಯಾರಿಗೋ.

“ಬೇಡ ಬಿಡಿ ಮೇಡಂ. ಸುಮ್ನೆ ಹೇಳ್ದೆ.”

ಅಲ್ಲಿದ್ದಷ್ಟು ಹೊತ್ತೂ ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟುಕೊಂಡೇ ಕೂತ. ತಾನೊಬ್ಬ ತುಳಿಯದಿದ್ದರೆ ಪಾಪ ಕಳೆಯುತ್ತದೆ ಎಂಬಂತೆ.

ವಾರದ ಮೇಲೆ ಮಲ್ಲಿಕಾಂಬಮ್ಮನ ಹೊಸ ಮನೆಗೆ ಬಾಗಿಲು ಕೂರಿಸಲು ಹೋದ.

“ನಮ್ ಹೊಸ್ತಿಲು ಎಲ್ ಹಾಕ್ದೆಯಪ್ಪ?”

“ಬೆಂಗ್ಳೂರಲ್ಲಿ ಕಣಮ್ಮ. ದೊಡ್ ಜಾಗ. ದಿನಾ ನೂರಾರ್ ಜನ ಬತ್ತಾರೆ.”

“ತುಳೀದಂಗೆ ದಾಟ್ತಾರೇನಪ್ಪ?”

ಅವನು ಬಾಯಲ್ಲಿ ಮೊಳೆ ಕಚ್ಚಿಕೊಂಡು ಹೌದೆನ್ನುವಂತೆ ತಲೆಯಾಡಿಸಿದ. ಮುದುಕಿಯ ಮುಖ ಅರಳಿತು. ಒಳಗೆ ಹೋಗಿ ಅರಿಶಿನ ಕುಂಕುಮದ ಪೊಟ್ಟಣ ತಂದು ಅವನ ಕೈಗಿಟ್ಟರು.

“ಮುಂದಿನ್ಸಲ ಹೋದಾಗ ನನ್ ಹೆಸ್ರಲ್ಲಿ ಒಂಚೂರು ಹಚ್ಬಿಟ್ಟು ಬಾ.”

ಪೊಟ್ಟಣ ಅವನ ಸಾಮಾನಿನ ಪೆಟ್ಟಿಗೆಯಲ್ಲೇ ಇದೆ. ಕಾಗದ ಹರಿದು, ಉಳಿಯ ಹಿಡಿಯೆಲ್ಲ ಹಳದಿಯಾಗಿದೆ. ಅನುಷಾಳ ನಂಬರು ಮೊಬೈಲಿನಲ್ಲಿದೆ. ಒಂದು ಫೋನು ಸಾಕು. ಇನ್ನೂ ಮಾಡಿಲ್ಲ.