ಬಾಗಿಲ ಪಾರ್ಡೊ ಮಂಡಿಯೂರಿದ ದಿನ

ಗ್ರೆಗರಿ ಪಾರ್ಡೊ ವೆಸ್ಟ್‌ಮಿನ್‌ಸ್ಟರಿನಲ್ಲಿ ಪ್ರಭುಗಳ ಸಭೆಯ ಬಾಗಿಲು ಕಾಯುತ್ತಿದ್ದ. ಒಳಗೆ ಬರಬೇಕಾದವರಿಗೆ ಬಾಗಿಲು ತೆಗೆಯಬೇಕು, ಬರಬಾರದವರನ್ನು ಹಿಂದಕ್ಕೆ ದಬ್ಬಬೇಕು. ತೆಗೆಯುವುದಕ್ಕಿಂತ ದಬ್ಬುವುದರಲ್ಲೇ ಅವನ ಕೈ ಪಳಗಿತ್ತು.

ಆ ಕೆಲಸದ ಜೊತೆಗೆ ಮೆಟ್ಟಿಲ ಬುಡದ ಎರಡು ಕೋಣೆ ಅವನಿಗೆ ಬಂದಿತ್ತು. ಅದರ ಕಿಟಕಿಯಲ್ಲಿ ಹೆಂಡತಿ ಟ್ಯಾಬಿತಾ ಪ್ರಭುಗಳ ಆಳುಗಳಿಗೆ ಬಿಯರು, ಮಾಂಸ ತುಂಬಿದ ಕಡುಬು ಮಾರುತ್ತಿದ್ದಳು. ಬಾಗಿಲು ಹೋದರೆ ಕೋಣೆ ಹೋಯಿತು, ಕೋಣೆ ಹೋದರೆ ಕಿಟಕಿಯೂ ಹೋಯಿತು. ಇದು ಪಾರ್ಡೊನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಸಿಟ್ಟು ಎಂಬುದು ಮನೆಗೆ ಬಂದ ಕೂಡಲೇ ಯಜಮಾನನನ್ನು ಹೊರಗೆ ಹಾಕಿ ಚಿಲಕ ಹಾಕಿಕೊಳ್ಳುವ ನೆಂಟ.

ಅರಸ ಪರದೇಶದಿಂದ ಮರಳಿ ಬಂದು ಪ್ರಭುಗಳು ಮತ್ತೆ ಸೇರತೊಡಗಿದ ವರ್ಷದಿಂದ ಅವನು ಅಲ್ಲೇ ಇದ್ದ. ದಿನವೂ ನದಿಯ ಮಂಜು ಕರಗುವ ಮೊದಲು ಒಲೆ ನೋಡಿಕೊಳ್ಳುವ ಆಳು ನೆಡ್ ಫ್ಯಾರಂಡ್ ಬಂದು ಹಳೆ ಬೂದಿ ತೆಗೆದು ಒಳಗೆ ಬೆಂಕಿ ಹೊತ್ತಿಸುತ್ತಿದ್ದ. ಬಿಷಪ್ಪರು ಪ್ರಾರ್ಥನೆ ಮುಗಿಸುವವರೆಗೆ ಬಾಗಿಲು ಮುಚ್ಚಿರಬೇಕು. ಆಮೇಲೆ ಸಭಾಪತಿ ತಮ್ಮ ಪೀಠವಾದ, ಕೆಂಪು ಬಟ್ಟೆ ಹೊದಿಸಿದ ಉಣ್ಣೆಮೂಟೆಯ ಮೇಲೆ ಕೂರುತ್ತಿದ್ದರು, ಮಸೂದೆ ಓದುತ್ತಿದ್ದರು, ವಕೀಲರು ಬಂದು ಗಂಟಲು ಹರಿದುಕೊಳ್ಳುತ್ತಿದ್ದರು. ನಡುನಡುವೆ ಕೆಳಮನೆಯವರು ಸಂದೇಶ ಹೊತ್ತು ಬಂದರೆ ಮಾಡುತ್ತಿದ್ದ ಕೆಲಸವನ್ನು ಅಲ್ಲಿಗೇ ಬಿಟ್ಟು ಅವರನ್ನು ಕರೆಸಿಕೊಳ್ಳಬೇಕು. ಅವರು ಬಾಗಿಲಲ್ಲೊಮ್ಮೆ, ನಡುವೆ ಒಮ್ಮೆ, ಕಟಕಟೆಯ ಹತ್ತಿರ ಒಮ್ಮೆ ಬಾಗುತ್ತಿದ್ದರು. ಒಳಗೊಳಗೇ ಹಲ್ಲು ಕಡಿದುಕೊಂಡು ಬಾಗುತ್ತಿದ್ದರು ಅನ್ನುವುದು ಹಿಂದೆ ನಿಂತ ಪಾರ್ಡೊನಿಗೆ ಅವರ ಕತ್ತು ನೋಡಿದರೇ ತಿಳಿಯುತ್ತಿತ್ತು.

ಇನ್ನು ತಪ್ಪು ಮಾಡಿದವರು. ಸಭೆ ಸೇರಿರುವಾಗ ಪ್ರಭುವಿನ ಆಳಿನ ಮೈ ಮುಟ್ಟಿದರೆ ಪ್ರಭುವಿನ ಮೈಯನ್ನೇ ಮುಟ್ಟಿದ ಹಾಗೆ. ಅಂಥವರನ್ನು ಕಟಕಟೆಗೆ ತಂದು ಮಂಡಿ ಊರಿಸುವುದು, ಮುಗಿದ ಮೇಲೆ ಹೊರಗೆ ಕರೆದೊಯ್ಯುವುದು ಪಾರ್ಡೊನ ಪಾಲಿಗೇ ಬರುತ್ತಿತ್ತು. ತರುವಾಗ ದಾರಿಯಲ್ಲಿ ಎಲ್ಲರ ಕಿವಿಯಲ್ಲೂ ಒಂದೇ ಮಂತ್ರ ಊದುತ್ತಿದ್ದ.

"ಮಂಡಿ ಊರು. ತಪ್ಪಾಯ್ತು ಅನ್ನು. 'ಆದ್ರೆ' ಅಂತ ಮಾತ್ರ ಬಾಯಿ ಬಿಡ್ಬೇಡ. ಆದ್ರೆ ಅಂದೋನು ಯಾವನೂ ಮನೇಗ್ ಹೋಗಿಲ್ಲ, ಸೀದಾ ಜೈಲಿಗೇ ಹೋಗಿರೋದು. ಅವರು ಏಳು ಅನ್ನೋವರ್ಗೂ ಏಳ್ಬೇಡ."

ಮೊದಲೇ ಎದ್ದವರನ್ನು ಹೆಗಲು ಹಿಡಿದು ಕೂರಿಸುತ್ತಿದ್ದ. ಮುದುಕನೊಬ್ಬ ಮಂಡಿ ನೋವು ಅಂತ ಅತ್ತಿದ್ದಕ್ಕೆ, "ಇಷ್ಟಕ್ಕೆಲ್ಲ ಯಾರೂ ಸಾಯಲ್ಲ" ಅಂದಿದ್ದ.

ಮೆಟ್ಟಿಲ ಮೇಲೆ ಆಳುಗಳು ಗುಂಪು ಸೇರಬಾರದು ಎಂದು ಪ್ರಭುಗಳು ಮತ್ತೆ ಮತ್ತೆ ಆಜ್ಞೆ ಹೊರಡಿಸುತ್ತಿದ್ದರು. ಮುರಿಯುತ್ತಿದ್ದವರು ಅದೇ ಪ್ರಭುಗಳ ಆಳುಗಳು. ಆ ಚಳಿಗಾಲದ ಒಂದು ಬೆಳಿಗ್ಗೆ ವಿನ್‌ಸ್ಕಿಲ್ ಪ್ರಭುವಿನ ಆಳು ಜೆಸಪ್, ನೀಲಿ ಕೋಟಿನ ತೋಳಿಗೆ ಒಡೆಯನ ಬೆಳ್ಳಿ ಬಿಲ್ಲೆ ಹೊಳೆಸಿಕೊಂಡು, ಮೇಲಿನ ಮೆಟ್ಟಿಲಲ್ಲೇ ದಾಳ ಉರುಳಿಸುತ್ತ ಕೂತಿದ್ದ.

"ಏಯ್ ಜೆಸಪ್, ಏಳಯ್ಯ. ಇದೇನು ನಿಮ್ಮಪ್ಪನ ಜಗಲಿ ಅಲ್ಲ" ಎಂದ ಪಾರ್ಡೊ.

"ನಿಮ್ಮಪ್ಪಂದೂ ಅಲ್ವಲ್ಲ, ಪಾರ್ಡೊ ಮಾವ."

"ಒಳಗೆ ಸಭೆ ನಡೀತಿದೆ."

"ನಡೀಲಿ ಬಿಡಿ. ನಾವೂ ಇಲ್ಲೊಂದು ಸಭೆ ಸೇರಿದೀವಿ. ನೀವು ಬಾಗ್ಲು ಎಳ್ಕೊಂಡು ಹೋಗಿ, ನಮ್ಮ ಸಭೆಗೆ ಚಳಿ ಆಗ್ತದೆ."

ಉಳಿದ ಆಳುಗಳು ಹೋ ಎಂದು ನಕ್ಕರು. ಆ ನಗುವೇ ಕೆಡಿಸಿದ್ದು. ಪಾರ್ಡೊ ಅವನ ಕತ್ತುಪಟ್ಟಿ ಹಿಡಿದು ಎತ್ತಿ ಬಿಟ್ಟ. ಜೆಸಪ್ ಮೆಟ್ಟಿಲು ಮೆಟ್ಟಿಲಾಗಿ ಉರುಳಿದ. ತುಟಿ ಒಡೆಯಿತು, ಅದು ಹೋಗಲಿ, ತೋಳಿನ ಬಿಲ್ಲೆ ಕಿತ್ತು ಬಂದು ಯಾರದೋ ಬೂಟಿನಡಿ ಚಪ್ಪಟೆಯಾಯಿತು. ಬಿಲ್ಲೆಯ ಮೇಲೆ ವಿನ್‌ಸ್ಕಿಲ್ ಮನೆತನದ ಲಾಂಛನವಿತ್ತು.

ಸ್ವಲ್ಪ ಹೊತ್ತಿಗೆ ವಿನ್‌ಸ್ಕಿಲ್ ಪ್ರಭು ಎದ್ದು ನಿಂತು ದೂರು ಹೇಳಿದ. ಪ್ರಭುಗಳು ಒಪ್ಪಿದರು. ತಪ್ಪು ಮಾಡಿದವರನ್ನು ಹಿಡಿಸುವ ಕರಿಕೋಲಿನ ಅಧಿಕಾರಿ ಒಳಗಿನಿಂದ ಬಂದಾಗ ಪಾರ್ಡೊ ಎಂದಿನಂತೆ ಬಾಗಿಲು ತೆಗೆದು ಕೇಳಿದ:

"ಯಾರನ್ನ ಹಿಡೀಬೇಕು, ಒಡೆಯಾ?"

"ನಿನ್ನನ್ನೇ ಕಣಯ್ಯ."

ಅಧಿಕಾರಿಯ ಕೋಣೆಯಲ್ಲಿ ಅವನನ್ನು ಕೂಡಿಹಾಕಿದರು. ಮಧ್ಯಾಹ್ನ ಟ್ಯಾಬಿತಾ ಕಡುಬು ತಂದಳು.

"ಆಜ್ಞೆ ಅವರದೇ ಕಣೆ" ಎಂದು ಪಾರ್ಡೊ ಬಾಯಲ್ಲಿ ತುತ್ತಿಟ್ಟುಕೊಂಡೇ ಕೂಗಾಡಿದ. "ಮೆಟ್ಟಿಲು ಖಾಲಿ ಮಾಡ್ಸು ಅಂದೋರು ಅವರೇ. ನಾನು ಮಾಡ್ಸಿದೆ."

"ಖಾಲಿ ಮಾಡ್ಸು ಅಂದ್ರು. ಉರುಳ್ಸು ಅಂದ್ರಾ?"

"ನಾಳೆ ಅವರೆದುರಿಗೇ ಕೇಳ್ತೀನಿ. ತಪ್ಪಾಯ್ತು, ಆದ್ರೆ ಆಜ್ಞೆ ಯಾರ್ದು ಅಂತ ಕೇಳ್ತೀನಿ."

"ಕೇಳು ಕೇಳು. ಊರಿಗೆಲ್ಲ ಬುದ್ಧಿ ಹೇಳಿದೋನು, ನೀನೇ ಆದ್ರೆ ಅಂತ ಶುರು ಮಾಡು. ನಾನು ಈಗ್ಲೇ ಹೋಗಿ ಪಾತ್ರೆ ಪಗಡ ಗಂಟು ಕಟ್ತೀನಿ."

ಅವಳು ಬಾಯಿಮಾತಿಗೆ ಹೇಳಿದ್ದಲ್ಲ. ಹೋಗಿ ಕಟ್ಟತೊಡಗಿದಳು.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಪಾರ್ಡೊನನ್ನು ಕಟಕಟೆಗೆ ತಂದರು. ಬಾಗಿಲಿಗೆ ಬೆಂಕಿಯ ನೆಡ್ ಫ್ಯಾರಂಡನನ್ನೇ ನಿಲ್ಲಿಸಿದ್ದರು, ಬೇರೆ ಯಾರೂ ಸಿಕ್ಕಿರಲಿಲ್ಲ. ಪಾರ್ಡೊ ಮಂಡಿಯೂರಿದ. ಕಲ್ಲಿನ ಮೇಲೆ ನಿಂತೂ ನಿಂತೂ ಅವನ ಎಡಮಂಡಿ ಊದಿಕೊಂಡಿರುತ್ತಿತ್ತು.

"ಗ್ರೆಗರಿ ಪಾರ್ಡೊ, ನಿನ್ನ ತಪ್ಪು ನಿನಗೆ ತಿಳಿದಿದೆಯೆ?" ಎಂದು ಸಭಾಪತಿ ಕೇಳಿದರು.

"ತಿಳಿದಿದೆ ಒಡೆಯಾ. ತಪ್ಪಾಯ್ತು."

ಅಲ್ಲಿಗೆ ನಿಲ್ಲಿಸಬೇಕಿತ್ತು. ಕಣ್ಣೆತ್ತಿದ. ವಿನ್‌ಸ್ಕಿಲ್ ಪ್ರಭು ಉಗುರು ನೋಡಿಕೊಳ್ಳುತ್ತ ಕೂತಿದ್ದ. ಪಾರ್ಡೊನ ಎದೆ ಉರಿಯಿತು.

"ಆದ್ರೆ ಒಡೆಯಾ..."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಕೆಳಮನೆಯವರು ಸಂದೇಶ ತಂದಿದ್ದರು. ಸಭಾಪತಿ ರಾಜಮುದ್ರೆಯ ಕಸೂತಿ ಚೀಲ ಹಿಡಿದು ಎದ್ದು ಕಟಕಟೆಯ ಕಡೆ ನಡೆದರು. ಇಂಥ ಹೊತ್ತಿನಲ್ಲಿ ಮಂಡಿಯೂರಿದವನನ್ನು ತಟಕ್ಕನೆ ಹೊರಗೆ ಕರೆದೊಯ್ಯಬೇಕು. ಕರೆದೊಯ್ಯುತ್ತಿದ್ದವನು ಪಾರ್ಡೊ. ಈಗ ಪಾರ್ಡೊನೇ ಮಂಡಿಯೂರಿದ್ದ. ನೆಡ್‌ಗೆ ಬೆಂಕಿ ಗೊತ್ತು, ಬೂದಿ ಗೊತ್ತು, ಇದು ಗೊತ್ತಿರಲಿಲ್ಲ. ಬಾಗಿಲು ಹಿಡಿದು ಸುಮ್ಮನೆ ನಿಂತ.

ಕೆಳಮನೆಯವರು ಬಾಗುತ್ತ ಬಂದರು. ಮೂರನೆಯ ಸಲ ಬಾಗುವಾಗ ಮುಂದಿದ್ದವನ ಗಡ್ಡ ಪಾರ್ಡೊನ ನೆತ್ತಿಗೆ ತಾಗಿತು. ಯಾವುದೋ ನದಿಯಲ್ಲಿ ದೋಣಿ ಓಡಿಸುವ ಮಸೂದೆ. ಕೊಟ್ಟು ಹೋದರು. ಪ್ರಭುಗಳು ಅದನ್ನೇ ಕೈಗೆತ್ತಿಕೊಂಡು ಓದಿಸಿದರು. ಇಬ್ಬರು ಬಿಷಪ್ಪರಿಗೆ ಆ ನದಿಯ ಮೀನಿನ ಮೇಲೆ ಹಕ್ಕಿತ್ತಂತೆ, ಜಗಳವಾಯಿತು. ಆಮೇಲೆ ವಕೀಲರು.

"ಪಾರ್ಡೊ ಅಣ್ಣ" ಎಂದು ನೆಡ್ ಹಿಂದಿನಿಂದ ಪಿಸುಗುಟ್ಟಿದ, "ಕರ್ಕೊಂಡು ಹೋಗ್ಲಾ?"

"ಈಗಲ್ಲ ಕತ್ತೆ, ಆಗ್ಲೇ ಕರ್ಕೊಂಡು ಹೋಗ್ಬೇಕಿತ್ತು."

"ಹಂಗಾದ್ರೆ ನೀವೇ ಎದ್ಬಿಡಿ."

"ಅವರು ಏಳು ಅನ್ಬೇಕು. ಬಾಯ್ಮುಚ್ಚು."

ಮಂಡಿ ಮೊದಲು ಚುಚ್ಚಿತು, ಆಮೇಲೆ ಉರಿಯಿತು, ಆಮೇಲೆ ಅದು ತನ್ನದೇ ಅಲ್ಲವೇನೋ ಎಂಬಂತೆ ಮರಗಟ್ಟಿತು. ಅಂದು ಅತ್ತಿದ್ದ ಮುದುಕ ನೆನಪಾದ. ಬಾಯಲ್ಲಿ ಅರ್ಧಕ್ಕೆ ನಿಂತ ಮಾತು ಇನ್ನೂ ಅಲ್ಲೇ ಇತ್ತು. ಆಜ್ಞೆ ನಿಮ್ಮದೇ ಅಲ್ಲವೇ ಒಡೆಯಾ? ಎಷ್ಟು ಒಳ್ಳೆಯ ಮಾತು, ಎಷ್ಟು ನ್ಯಾಯದ ಮಾತು. ಕೆಳಗೆ ಟ್ಯಾಬಿತಾ ಹಂಡೆ ತೊಳೆದು ಕವುಚಿಟ್ಟಿರುತ್ತಾಳೆ ಎಂಬುದೂ ನೆನಪಾಯಿತು.

ಸಭೆ ಮುಗಿಯಿತೆಂದು ಪ್ರಭುಗಳು ಎದ್ದರು. ಕಣ್ಣು ಮಂಜಾದ ಮುದಿ ಪ್ರಭುವೊಬ್ಬ ಬಾಗಿಲ ಕಡೆ ಹೊರಟವನು ಪಾರ್ಡೊನನ್ನು ಎಡವಿ ಬೀಳುವುದರಲ್ಲಿದ್ದ.

"ಅಯ್ಯೋ, ಇವನಿನ್ನೂ ಇಲ್ಲೇ ಇದ್ದಾನಲ್ಲಯ್ಯಾ!"

ಎಲ್ಲರೂ ನಕ್ಕರು. ಸಭಾಪತಿ ಮತ್ತೆ ಉಣ್ಣೆಮೂಟೆಯ ಮೇಲೆ ಕೂತರು. "ನೀನು ಯಾಕೆ ಹೋಗಲಿಲ್ಲ?"

"ಏಳು ಅಂತ ಅಪ್ಪಣೆ ಆಗ್ಲಿಲ್ಲ ಒಡೆಯಾ."

"ಏನೋ ಹೇಳಲಿಕ್ಕೆ ಹೊರಟಿದ್ದೆ. ಆದ್ರೆ ಅಂದೆ. ಮುಂದೇನು?"

ನಗು ನಿಂತಿತು.

"ಮರ್ತುಹೋಯ್ತು ಒಡೆಯಾ. ತಪ್ಪಾಯ್ತು, ಅಷ್ಟೇ."

ಮರೆತಿರಲಿಲ್ಲ. ಒಂದಕ್ಷರವೂ ಮರೆತಿರಲಿಲ್ಲ.

ಸಭಾಪತಿ ವಿನ್‌ಸ್ಕಿಲ್ ಪ್ರಭುವಿನ ಮುಖ ನೋಡಿದರು. ಅವನಿಗೆ ಊಟದ ಹೊತ್ತಾಗಿತ್ತು. "ನನ್ನ ಆಳು ಬಿದ್ದದ್ದಕ್ಕಿಂತ ಇವನು ಊರಿದ್ದೇ ಹೆಚ್ಚಾಯಿತು. ಅದೇ ಮೆಟ್ಟಿಲ ಮೇಲೆ ಅವನ ಕ್ಷಮೆ ಕೇಳಲಿ, ಸಾಕು" ಎಂದ. ಸಭಾಪತಿ ನಾಲ್ಕು ಮಾತು ಬೈದು, ಬಾಗಿಲಿಗೆ ವಾಪಸು ಹೋಗಲು ಅಪ್ಪಣೆ ಕೊಟ್ಟರು. ಏಳು ಅಂದಾಗ ಪಾರ್ಡೊನಿಗೆ ಏಳಲಾಗಲಿಲ್ಲ. ನೆಡ್ ಬಂದು ಕಂಕುಳಿಗೆ ಕೈ ಕೊಟ್ಟು ಎತ್ತಿದ.

ಜೆಸಪ್ ಅದೇ ಮೆಟ್ಟಿಲಲ್ಲಿ ಬಾತ ತುಟಿ ಹೊತ್ತು ಕೂತಿದ್ದ. ಸುತ್ತ ಅದೇ ಗುಂಪು.

"ಜೆಸಪ್, ನಿನ್ನೆ ತಪ್ಪಾಯ್ತಯ್ಯ" ಎಂದ ಪಾರ್ಡೊ.

"ಮಂಡಿ ಊರಿ ಹೇಳ್ಬೇಕು, ಮಾವ."

ಗುಂಪು ನಕ್ಕಿತು. ಪಾರ್ಡೊನ ಕೈ ಮೇಲೆದ್ದಿತು. ಎದ್ದ ಕೈಯನ್ನು ಗೋಡೆಗೆ ಒರಗಿಸಿದ.

"ಇನ್ನೊಂದ್ಸಲ ಊರಿದ್ರೆ ನೀನೇ ಹೊತ್ಕೊಂಡು ಹೋಗಿ ನಮ್ಮನೇಲಿ ಬಿಡ್ಬೇಕಾಗ್ತದೆ ನೋಡು."

ಜೆಸಪ್‌ಗೆ ನಗು ಬಂತು, ನಕ್ಕರೆ ತುಟಿ ನೊಂದಿತು. "ಅಮ್ಮಾ! ಬಿಡಿ, ಆಯ್ತು."

"ಆಯ್ತಾ?"

"ಆಯ್ತು ಅಂದ್ನಲ್ಲ."

"ಹಂಗಾದ್ರೆ ಏಳು. ಮೆಟ್ಟಿಲು ಖಾಲಿ ಮಾಡು."

ಜೆಸಪ್ ದಾಳ ಜೇಬಿಗೆ ಹಾಕಿಕೊಂಡು ಎದ್ದ. ಕೆಳಗಿಳಿದು ಹೋಗಿ ಕಿಟಕಿಯಲ್ಲಿ ಬಿಯರು ಕೇಳಿದ. ಕಟ್ಟಿಟ್ಟ ಗಂಟನ್ನು ಬಿಚ್ಚಿ ಲೋಟ ಹುಡುಕಲು ಟ್ಯಾಬಿತಾಳಿಗೆ ಸ್ವಲ್ಪ ಹೊತ್ತು ಹಿಡಿಯಿತು.